ಇಟ್ಟಿಗೆ ಬಣ್ಣದ ಕೋಳಿಗೆ ಕೆಂಪು ದಾರ

ದರ್ಜಿಗೆ ಒಂದು ಚಟವಿತ್ತು. ಬಟ್ಟೆಯ ಬಣ್ಣಕ್ಕೂ ದಾರದ ಬಣ್ಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಗಿರಾಕಿಗಳು ನಗುತ್ತಿದ್ದರು, ನಗಲಿ ಬಿಡಿ. ಆದರೆ ಇದೇ ಚಟದಿಂದ ಅವನು ಅಕ್ಕನ ಕೋಳಿಯನ್ನು ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದ.

ಅಕ್ಕ ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋಗುವಾಗ ತನ್ನ ಐದು ಕೋಳಿಗಳನ್ನು ತಮ್ಮನ ಹಿತ್ತಲಿಗೆ ತಂದು ಬಿಟ್ಟಿದ್ದಳು. "ಉಳಿದವು ಹೇಗೋ ಇರ್ತವೆ. ಈ ಇಟ್ಟಿಗೆ ಬಣ್ಣದ್ದನ್ನ ಮಾತ್ರ ಚೆನ್ನಾಗಿ ನೋಡ್ಕೊಳ್ಳೋ. ನನ್ನ ಮಡಿಲಲ್ಲೇ ಬೆಳೆದದ್ದು" ಎಂದಿದ್ದಳು. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಅವನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲ ಸಲ.

ನಾಲ್ಕನೇ ದಿನ ಪಕ್ಕದ ಮನೆಯ ನಾಯಿ ಬೇಲಿ ನುಸುಳಿ ಬಂದು ಆ ಇಟ್ಟಿಗೆ ಬಣ್ಣದ ಕೋಳಿಯನ್ನೇ ಹಿಡಿಯಿತು. ಬಿಡಿಸುವಷ್ಟರಲ್ಲಿ ಬೆನ್ನಿನ ಚರ್ಮ ಹರಿದಿತ್ತು. ದರ್ಜಿ ಅದನ್ನೆತ್ತಿಕೊಂಡು ಅಂಗಡಿಗೆ ಓಡಿದ. ಕೋಳಿಯನ್ನು ಟವೆಲಿನಲ್ಲಿ ಸುತ್ತಿ, ಮೇಜಿನ ಮೇಲಿಟ್ಟು, ಗಾಯದ ಸುತ್ತಲಿನ ಪುಕ್ಕ ಕತ್ತರಿಸಿದ. ಉಗುರುಬೆಚ್ಚಗಿನ ಉಪ್ಪುನೀರು ಹನಿಸಿ ಮಣ್ಣು ತೊಳೆದ. ಅಲ್ಲಿಗೇ ನಿಲ್ಲಿಸಬೇಕಿತ್ತು. ಹರಿದದ್ದನ್ನು ಕಂಡರೆ ಸುಮ್ಮನಿರುವ ಕೈಯೇ ಅದು? ಸೂಜಿ ಕುದಿಸಿ, ಡಬ್ಬಿಯನ್ನೆಲ್ಲ ಜಾಲಾಡಿ, ಪುಕ್ಕಕ್ಕೆ ಸರಿಹೊಂದುವ ಕೆಂಪು ದಾರವನ್ನೇ ಆರಿಸಿ ಏಳು ಹೊಲಿಗೆ ಹಾಕಿದ. ಕೆಲಸ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಮರುದಿನವೇ ಕೋಳಿಯನ್ನು ಉಳಿದವುಗಳ ಜೊತೆ ಬಿಟ್ಟ.

ಕೋಳಿಗಳು ಕೆಂಪು ಕಂಡರೆ ಕುಕ್ಕದೆ ಬಿಡುವುದಿಲ್ಲ. ನಾಲ್ಕೂ ಸೇರಿ ದಾರವನ್ನು ಹುಳುವೆಂದುಕೊಂಡು ಎಳೆದೆಳೆದು, ಗಾಯವನ್ನು ಮೊದಲಿಗಿಂತ ದೊಡ್ಡದು ಮಾಡಿಟ್ಟವು.

ಔಷಧಿ ಅಂಗಡಿಯವಳು ಕೇಳಿ ಹಣೆ ಚಚ್ಚಿಕೊಂಡಳು. "ಹೊಲಿಯೋಕೆ ಅದೇನು ಪ್ಯಾಂಟಾ? ದಿನಾ ತೊಳೀರಿ, ಈ ನೇರಳೆ ಔಷಧಿ ಹಚ್ಚಿ, ಬೇರೆ ಇಡಿ. ಇದನ್ನ ಹಚ್ಚಿದ್ರೆ ಕೆಂಪು ಕಾಣಲ್ಲ, ಕುಕ್ಕೋದೂ ಇಲ್ಲ."

ಇಪ್ಪತ್ತೆರಡು ದಿನ ಅಂಗಡಿಯ ಚಿಂದಿಬುಟ್ಟಿಯೇ ಕೋಳಿಯ ಆಸ್ಪತ್ರೆಯಾಯಿತು. ತೊಳೆಯಲು ಕೂತಾಗಲೆಲ್ಲ ಅವನಿಗೆ ಹಳೆಯದು ನೆನಪಾಗುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಅವನನ್ನು ಕೂರಿಸಿ, ಒಡೆದ ಮಂಡಿಗೆ ನೀರು ಹಾಕುತ್ತ "ಮುಗೀತು ಮುಗೀತು, ಇದೇ ಕೊನೇ ಚೊಂಬು" ಎನ್ನುತ್ತಲೇ ಅಕ್ಕ ಹತ್ತು ಚೊಂಬು ಸುರಿಯುತ್ತಿದ್ದಳು. ಆ ಸುಳ್ಳನ್ನು ಎಷ್ಟು ನೆಮ್ಮದಿಯಿಂದ ನಂಬುತ್ತಿದ್ದ. ಹಾಗೆ ನಂಬಿಸುವವರು ಈಗ ಯಾರಿದ್ದಾರೆ ಎನ್ನಿಸುತ್ತಿತ್ತು. ಕೋಳಿಗೂ "ಇದೇ ಕೊನೇ ಚೊಂಬು" ಎಂದೇ ಹೇಳುತ್ತಿದ್ದ.

ಅಕ್ಕ ಬರುವ ಹೊತ್ತಿಗೆ ಗಾಯ ಕೂಡಿತ್ತು, ಪುಕ್ಕ ಬಂದಿರಲಿಲ್ಲ. ಕಪ್ಪು ಕನ್ನಡಕದಲ್ಲೇ ಅವಳು ಕೋಳಿಯನ್ನು ಮಡಿಲಿಗೆತ್ತಿಕೊಂಡಳು. ಬೋಳು ಬೆನ್ನಿನ ಮೇಲೆ ಬೆರಳು ನಿಂತಿತು. ದರ್ಜಿ ತಲೆ ತಗ್ಗಿಸಿ ನಾಯಿ, ಸೂಜಿ, ಕೆಂಪು ದಾರ ಎಲ್ಲವನ್ನೂ ಒಪ್ಪಿಸಿದ. "ನೀನಿದ್ದಿದ್ರೆ ಹೀಗಾಗ್ತಿರಲಿಲ್ಲ ಅಕ್ಕ. ನಿನಗೆ ಎಲ್ಲಾ ಗೊತ್ತಿರ್ತಿತ್ತು."

ಕೆಂಪು ದಾರದ ಮಾತಿಗೆ ಅಕ್ಕನಿಗೆ ನಗು ಬಂತು. ಆಮೇಲೆ ಹೇಳಿದಳು. "ನನಗೇನು ಗೊತ್ತಿತ್ತೋ? ಅಮ್ಮ ಹೋದ ವಾರವೇ ನಿನಗೆ ಕೆಮ್ಮು ಬಂತು. ಎಣ್ಣೆ ಎಷ್ಟು ಕಾಯಿಸಬೇಕು ಅಂತ ತಿಳೀದೆ ನಿನ್ನ ಎದೆ ಸುಟ್ಟುಬಿಟ್ಟೆ. ನಿನ್ನನ್ನ ಸಾಕಿದ್ದೂ ಹೀಗೇ, ತಪ್ಪು ಮಾಡ್ತಾ ಮಾಡ್ತಾ."

ಎದೆಯ ಮೇಲಿನ ಆ ಕಲೆಯನ್ನು ಅವನು ಹುಟ್ಟುಮಚ್ಚೆ ಎಂದೇ ತಿಳಿದಿದ್ದ. ಅಂಗಿಯ ಮೇಲಿಂದಲೇ ಅದನ್ನು ಮುಟ್ಟಿಕೊಂಡ. ಆಗ ಅಕ್ಕನಿಗೆ ಹನ್ನೊಂದು ವರ್ಷ.