ಎಡಗೈಯ ಕತ್ತಿ, ಎಡಗೈಯ ರೊಟ್ಟಿ

ನಾನು ಎಡಚಿ. ತವರಿನಲ್ಲಿ ಅದು ದೊಡ್ಡ ಮಾತಾಗಿರಲಿಲ್ಲ. ಮಸ್ಕಿಗೆ ಸೊಸೆಯಾಗಿ ಬಂದ ಮೂರನೇ ದಿನಕ್ಕೇ ದೊಡ್ಡ ಮಾತಾಯಿತು. ರೊಟ್ಟಿ ಬಡಿಯಲು ಕೂತು ಎಡಗೈ ಎತ್ತಿದ್ದೇ ತಡ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು.

"ಎಡಗೈಲೆ ಬಡದ ರೊಟ್ಟಿ ಯಾರು ತಿಂತಾರ? ಕೈ ಬದ್ಲಿ ಮಾಡು."

ಬದಲಿಸಿದೆ. ಬಲಗೈಯಲ್ಲಿ ಬಡಿದ ರೊಟ್ಟಿಯ ಅಂಚು ಸೀಳುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು, ಹೆಂಚಿನ ಮೇಲೆ ಏನು ಮಾಡಿದರೂ ಉಬ್ಬುತ್ತಿರಲಿಲ್ಲ. ಕೈ ಬಾರದು ಅಂದರೆ ಅತ್ತೆಯ ಗಾದೆ ತಯಾರಿತ್ತು: "ಕುಣಿಲಾರದಾಕಿ ನೆಲ ಡೊಂಕು ಅಂದಳಂತ." ನನಗೆ ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ಸಿಟ್ಟು. ಸಿಟ್ಟೇ ಹೆಚ್ಚು, ಸುಳ್ಳೇಕೆ ಹೇಳಲಿ.

ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಆಳ್ವಿಕೆ ಹೋಗಿ ಊರು ಉಸಿರಾಡತೊಡಗಿದ ಮೇಲಿನ ಬೇಸಿಗೆಯಲ್ಲಿ ಮಸ್ಕಿಗೆ ಟೆಂಟ್ ಸಿನಿಮಾ ಬಂತು. ಟೆಂಟಿನ ನಟ್ಟನಡುವೆ ಬಿಳಿ ಬಟ್ಟೆಯ ಪರದೆ. ಅದರ ಮುಂದೆ ಗಂಡಸರು, ಹಿಂದೆ ಹೆಂಗಸರು. ಹಿಂದಿನವರಿಗೂ ಚಿತ್ರ ನಿಚ್ಚಳ ಕಾಣಲೆಂದು ಆಟಕ್ಕೆ ಮೊದಲು ಪರದೆಗೆ ನೀರು ಹೊಡೆಯುತ್ತಿದ್ದರು. ಆ ತಂಪು ನಮ್ಮ ಮುಖಕ್ಕೂ ತಾಗುತ್ತಿದ್ದುದರಿಂದ ನಮ್ಮದೇ ಒಳ್ಳೆಯ ಜಾಗವೆಂದು ಬೀಗುತ್ತಿದ್ದೆವು. ಪರದೆಯ ಮೇಲೆ ಬರುವ ಉರ್ದು ಅಕ್ಷರ ಎಡದಿಂದ ಓಡಿದರೂ ಬಲದಿಂದ ಓಡಿದರೂ ನಮಗೆ ಒಂದೇ.

ಕೋಟೆ ಕಳೆದುಕೊಂಡ ಕಿಲ್ಲೇದಾರನ ಮಗಳ ಕಥೆ ಅದು. ಕರಿ ಕುದುರೆ ಏರಿ ಹಳ್ಳ ಹಾರುತ್ತಾಳೆ, ಹತ್ತು ಜನರನ್ನು ಒಬ್ಬಳೇ ಕೆಡವುತ್ತಾಳೆ. ನಾವು ಅವಳಿಗೆ ಕುದುರಿ ರಾಣಿ ಎಂದು ಹೆಸರಿಟ್ಟೆವು. ಅವಳು ಮೊದಲ ಸಲ ಕತ್ತಿ ಹಿರಿದಾಗ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಕತ್ತಿ ಎಡಗೈಯಲ್ಲಿತ್ತು!

"ಅತ್ತಿ, ನೋಡ್ರಿ, ಎಡಗೈ!"

"ಕಂಡೀನಿ, ಸುಮ್ನಿರು," ಅಂದರು. ಪರದೆಯಿಂದ ಕಣ್ಣು ಕೀಳಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಬಂದು ಕೂತರು. "ಅಂಥಾ ರಾಣೀನ ಎಡಗೈಲೆ ಕತ್ತಿ ಹಿಡದಾಳ. ನಿಂದೇನು ಮಹಾ ರೊಟ್ಟಿ? ಬಡಿ, ನೋಡೂಣು." ಬಡಿದೆ. ರೊಟ್ಟಿ ಪೂರಿಯಂತೆ ಉಬ್ಬಿತು. ಅತ್ತೆ ಹೊಗಳಲಿಲ್ಲ, ಆದರೆ ಎಂದಿಗಿಂತ ಒಂದು ಹೆಚ್ಚು ತಿಂದರು.

ಎರಡು ವರ್ಷದ ಮೇಲೆ ಎರಡನೆಯ ಭಾಗ ಬಂತು. ಅದೇ ಟೆಂಟು, ಅದೇ ಎಡಗೈ. ರಾಣಿ ತನ್ನ ಕೋಟೆಯ ಮುಂದೆ ಬಂದು ನಿಂತಳು, ಒಳಗೆ ನುಗ್ಗುವುದೊಂದೇ ಬಾಕಿ, ಅಷ್ಟಕ್ಕೇ ಆಟ ಮುಗಿಸಿಬಿಟ್ಟರು. ಆಮೇಲೆ ನಾಲ್ಕು ವರ್ಷ ಕಾದೆವು. ರಾಣಿ ಕೋಟೆಯ ಹಿಂದೆ ನೀರು ಹರಿಯುವ ಗಂಡಿಯಿಂದ ನುಸುಳಬೇಕು ಅನ್ನುವುದು ಅತ್ತೆಯ ವಾದ. ನಾನು ಮುಂಬಾಗಿಲಿನ ಕಡೆಯವಳು. ಜೋಳ ಹಸನು ಮಾಡುತ್ತ, ಹಿಟ್ಟು ನಾದುತ್ತ ಇದೇ ಜಗಳ. ಈ ಜಗಳ ಹತ್ತಿದ ಮೇಲೆ ಹಳೆಯ ಜಗಳಗಳು ಮನೆಯಲ್ಲಿ ಕಡಿಮೆಯಾದವು.

ಕೊನೆಗೂ ಮೂರನೆಯ ಭಾಗ ಲಿಂಗಸುಗೂರಿಗೆ ಬಂದಿದೆ ಎಂದು ಗಂಡ ಸುದ್ದಿ ತಂದರು. ಮುಂದಿನ ತಿಂಗಳು ಸಿಂಧನೂರಿಗೂ ಬರುತ್ತದಂತೆ ಎಂದರೆ ಅತ್ತೆ ಕೇಳಲಿಲ್ಲ. ಬುತ್ತಿ ಕಟ್ಟಿಸಿ, ನಸುಕಿನಲ್ಲೇ ಚಕ್ಕಡಿ ಹೂಡಿಸಿದರು. ಬೀಗರ ಮನೆಯಲ್ಲಿ ಇಳಿದು ಸಂಜೆಯ ಆಟಕ್ಕೆ ಹೋದೆವು. ಅಲ್ಲಿ ಟೆಂಟಿರಲಿಲ್ಲ, ತಗಡು ಹೊದಿಸಿದ ಹೊಸ ಟಾಕೀಸು. ಪರದೆಯನ್ನು ಗೋಡೆಗೇ ಹೊಡೆದಿದ್ದರು. ಹೆಂಗಸರಿಗೂ ಮುಂದೆಯೇ ಜಾಗ, ನಡುವೆ ಒಂದು ಹಲಗೆಯ ಅಡ್ಡ ಮಾತ್ರ.

ಏನು ಹೇಳಲಿ! ನಾಲ್ಕು ವರ್ಷ ಕಾದವರಿಗೆ ಇದಾ ಬರುವುದು? ಕರಿ ಕುದುರೆಯ ಬದಲು ಯಾವುದೋ ಬಡಕಲು ಕಂದು ಕುದುರೆ. ರಾಣಿಯನ್ನು ಮೊದಲೇ ಒಂದು ಬುರುಜಿನಲ್ಲಿ ಕೂಡಿಹಾಕಿದರು. ಅವಳು ಕಿಟಕಿಯಲ್ಲಿ ಕೂತು ಹಾಡಿದಳು, ಅತ್ತಳು, ಮತ್ತೆ ಹಾಡಿದಳು. ಎಲ್ಲಿಂದಲೋ ಬಂದ ರಾಜಕುಮಾರನೊಬ್ಬ ಕೋಟೆ ಗೆದ್ದುಕೊಟ್ಟ. ಇಡೀ ಆಟದಲ್ಲಿ ಅವಳು ಒಮ್ಮೆ ಮಾತ್ರ ಕತ್ತಿ ಹಿಡಿದಳು. ಅದೂ ಬಲಗೈಯಲ್ಲಿ.

"ಇಕಿ ಆಕಿ ಅಲ್ಲ," ಅಂದರು ಅತ್ತೆ ಜೋರಾಗಿ. "ಬ್ಯಾರೆ ಯಾರನ್ನೋ ತಂದು ನಿಂದ್ರಿಸ್ಯಾರ."

ಹೊರಗೆ ಬಂದದ್ದೇ ಮಗನನ್ನು ಹಿಡಿದರು. "ನೀ ಮೊದಲಿನ ಎರಡೂ ನೋಡೀಯಲ್ಲ, ಆಕಿ ಎಡಚಿ ಹೌದಲ್ಲೊ?"

ನನ್ನ ಗಂಡ ಕಾಲಿನ ಹೆಬ್ಬೆರಳು ನೋಡುತ್ತ ನಿಂತರು. "ಇಲ್ಲವ್ವ. ಆಕಿ ಮೊದಲಿಂದಾನೂ ಬಲಗೈಯಾಕೀನ. ನೀವು ಪರದೆ ಹಿಂದ ಕುಂತಿದ್ರಿ. ಕನ್ನಡ್ಯಾಗ ಕಂಡಂಗ ತಿರುವಿ ಕಂಡದ."

"ಮತ್ತ ಇಷ್ಟು ವರ್ಷ ಬಾಯಿ ಮುಚ್ಕೊಂಡು ಯಾಕ ಇದ್ದಿ?"

"ಮನ್ಯಾಗ ರೊಟ್ಟಿ ಜಗಳ ನಿಂತಿತ್ತಲ್ಲವ್ವ," ಅಂದರು.

ಮಸ್ಕಿಗೆ ಮರಳುವಾಗ ಸಿನಿಮಾ ಕೆಟ್ಟದ್ದಕ್ಕೆ ನನಗೆ ಬೇಸರವಾಗಿತ್ತು, ಆದರೆ ಅದಕ್ಕಿಂತ ಹೆದರಿಕೆ. ನನ್ನ ಎಡಗೈಗೆ ಅಪ್ಪಣೆ ಕೊಡಿಸಿದವಳು ರಾಣಿ. ಆ ರಾಣಿಯೇ ಎಡಚಿ ಅಲ್ಲವೆಂದ ಮೇಲೆ ಅಪ್ಪಣೆ ಎಲ್ಲಿ ಉಳಿಯಿತು?

ಮರುದಿನ ಅವರ ಬಾಯಿಂದ ಅನ್ನಿಸಿಕೊಳ್ಳುವುದು ಬೇಡವೆಂದು ನಾನೇ ಬಲಗೈಯಲ್ಲಿ ಶುರು ಮಾಡಿದೆ. ಮೊದಲ ರೊಟ್ಟಿಯೇ ಅಂಚಿಗೆ ಸೀಳಿತು. ಅತ್ತೆ ಪಕ್ಕದ ಕೋಣೆಯಲ್ಲಿ ವಿಭೂತಿ ಧರಿಸಿ, ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಎಂದೂ ಬಾಯಿ ತೆರೆದವರಲ್ಲ. ರೊಟ್ಟಿಯ ಸಪ್ಪಳ ಬದಲಾದದ್ದು ಕಿವಿಗೆ ಬಿದ್ದಿರಬೇಕು.

"ಕೈ ಯಾಕ ಬದ್ಲಿ ಮಾಡಿದಿ?"

"ರಾಣಿ ಬಲಗೈಯಾಕಿ ಅಂತಲ್ರಿ, ಅತ್ತಿ."

ಅವರು ತಮ್ಮ ಅಂಗೈಯನ್ನೇ ನೋಡಿದರು.

"ಸಣ್ಣಾಕಿದ್ದಾಗಿಂದ ಶಿವನ್ನ ಎಡಗೈಯಾಗ ಕೂಡ್ರಿಸ್ಕೊಂಡೀನಿ. ಅವಗ ನಡೀತದ, ರೊಟ್ಟಿಗೆ ನಡ್ಯಾಂಗಿಲ್ಲೇನು? ಮತ್ತ ಆ ರಾಣಿ ಬಡದ ರೊಟ್ಟಿ ನಾ ಒಂದಿನಾ ತಿಂದಿಲ್ಲ. ನಿಂದು ತಿಂದೀನಿ. ಬಡಿ ನಿನ್ನ ಕೈಲೇ."

ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು ಕೇಳಿದೆ, "ಮತ್ತ ರಾಣಿ ಕೋಟೆ ಹೋತಲ್ರಿ?"

"ಅವ ಯಾವನೋ ಗೆದ್ದದ್ದು ನಮಗ ಬ್ಯಾಡ. ನಾವ ಗೆಲ್ಲೂಣು. ನೀರಿನ ಗಂಡಿಯಿಂದ."

"ಮುಂಬಾಗ್ಲಿಂದ್ರಿ," ಅಂದೆ, ಎಡಗೈ ಎತ್ತುತ್ತ.