ಸಿದ್ದ ಬಿಚ್ಚಿಕೊಂಡ ವರ

ಸ್ನೇಹಿತರೇ, ಇಂದಿನ ಆಟಕ್ಕೆ ಆದ ಖರ್ಚು ಒಂದು ಮದ್ದೂರು ವಡೆ, ಒಂದು ಸುಳ್ಳು. ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಮೊಮ್ಮಗಳ ಕಥೆಯಾಟದಲ್ಲಿ ನಾನು ಗಾಯ ವಾಸಿಮಾಡುವ ಪೂಜಾರಿ, ಅವಳು ನನಗೆ ಆ ವರ ಕೊಟ್ಟ ದೇವರು. ಅವಳ ಪಾಲಿನ ವಡೆಯನ್ನೂ ತಿಂದು, "ನಾನಲ್ಲ ಕಣಮ್ಮ" ಅಂದೆ.

"ಸುಳ್ಳು ಹೇಳಿದ್ರೆ ವರ ವಾಪಸ್, ತಾತ. ರೂಲ್ಸು!"

ಎಪ್ಪತ್ತರ ದಶಕದಲ್ಲಿ ನಮ್ಮೂರು ಹೊಳಲಿನ ಗದ್ದೆ ಬದುವಿನ ಮೇಲೆ ಹುಡುಗರಾದ ನಾವೂ, ದಾಳವಿಲ್ಲದೆ, ಇಂಥದೇ ದೇವರು-ವರದ ಆಟ ಆಡುತ್ತಿದ್ದೆವು. ದೇವರಾಗಿದ್ದ ಗೆಳೆಯ ಸಿದ್ದ, ವರವೆಂದು ನನ್ನ ಕೈಗೆ ಕಬ್ಬಿನ ಸೋಗೆ ಕಟ್ಟಿದ್ದ. ಅವನ ಪಾಲಿನ ಬೆಲ್ಲ ತಿಂದು, ತಿಂದಿಲ್ಲವೆಂದಾಗ ಅದನ್ನು ಬಿಚ್ಚಿಕೊಂಡ. "ನೀ ನಿಜ ಏಳೋಗಂಟ ನನ್ ತಾವೇ ಇರ್ಲಿ ಕಣ್ಲಾ."

ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವನೇ ತೀರಿಕೊಂಡ.

ಈ ಸಲ ತಡಮಾಡದೆ ಒಪ್ಪಿಕೊಂಡೆ. ಮೊಮ್ಮಗಳಿಗೆ ಗೆಲುವು, ನನಗೆ ಅವಳ ವರ. ಸೋಗೆ ಇನ್ನೂ ಸಿದ್ದನ ತಾವೇ ಇದೆ.