ಅರಗಿನ ಮುದ್ರೆ ಒಡೆದದ್ದು ಯಾವಾಗ

ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಹೋರಾಡಿ ಸ್ವತಂತ್ರವಾದಾಗ ಎರಡೂ ಕಡೆಯವರು ಸಹಿ ಹಾಕಿದ ಶಾಂತಿ ಒಪ್ಪಂದದ ಹಳೆಯ ಪ್ರತಿಯೊಂದು ಬ್ರಿಟನ್ನಿನಲ್ಲೇ ಇರುವ ಪಾರ್ಕ್ ರಾಯಲ್‌ನ ನಮ್ಮ ಗೋದಾಮಿಗೆ ಬಂದಿತ್ತು. ಇಂಥ ಕಾಗದಗಳನ್ನು ಪ್ರದರ್ಶನಕ್ಕೆ ಕಳಿಸುವ ಮೊದಲು ಪೆಟ್ಟಿಗೆಯಲ್ಲಿ ಭದ್ರಪಡಿಸುವುದು ನಮ್ಮ ಕೆಲಸ. ಕೊನೆಯ ಹಾಳೆಯಲ್ಲಿ ಸಹಿಗಳು, ಪಕ್ಕದಲ್ಲಿ ಕೆಂಪು ಅರಗಿನ ಮುದ್ರೆಗಳು.

ಟ್ರಾಲಿ ಬಾಗಿಲು ದಾಟುವಾಗ ಪೆಟ್ಟಿಗೆಯಿಂದ ಆ ಹಾಳೆ ಜಾರಿ ಬಿತ್ತು. ನನ್ನೊಡನೆ ಕೆಲಸ ಮಾಡುವ ಕುಂದಾಪುರದ ಅಕ್ಕನ ಶೂಗೆ ತಾಗಿತು. ಅವರು ಬಗ್ಗಿ, ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡರು. ಪುಸ್ತಕ ಕಾಲಿಗೆ ತಾಗಿದರೆ ನಾವೆಲ್ಲ ಮಾಡುವುದು ಅದನ್ನೇ. ಯೋಚಿಸಿ ಮಾಡುವುದಲ್ಲ. ಕೆಳಗಿಳಿಸಿದಾಗ ಒಂದು ಮುದ್ರೆಯ ಅಂಚು ಒಡೆದಿತ್ತು.

ಬಿದ್ದು ಒಡೆದಿದ್ದರೆ ಅದು ಅಪಘಾತ, ಮುಖಕ್ಕೆ ಒತ್ತಿ ಒಡೆದಿದ್ದರೆ ಕೆಲಸದಿಂದ ತೆಗೆಯಬಹುದಾದ ತಪ್ಪು ಎಂದರು ಮ್ಯಾನೇಜರ್. ಕ್ಯಾಮೆರಾದಲ್ಲಿ ಕಂಡದ್ದು ಅಕ್ಕನ ಬೆನ್ನು ಮಾತ್ರ. ಎದುರಿಗಿದ್ದವನು ನಾನು. ಕಂಡದ್ದನ್ನು ಸಂಜೆಯೊಳಗೆ ಬರೆದುಕೊಡಬೇಕಿತ್ತು.

ಊಟದ ಹೊತ್ತಿಗೆ ಅಕ್ಕ ಬಂದು ಕೂತರು. “ಎಂತ ಮಾರಾಯ್ರೆ, ಬೀಳುವಾಗ್ಳೇ ಒಡೀತ್ ಅಂದೇಳಿ ಬರ್ದ್ ಬಿಡಿ.”

“ನಂಗೆ ಒಡೆದ ಶಬ್ದ ನೀವು ಎತ್ತಿದ ಮೇಲೆ ಕೇಳಿಸ್ತಲ್ಲ ಅಕ್ಕ.”

“ಓಹೋ! ನಾನ್ ಚಾಯ್‌ಗ್ ಕರ್ದ್ರೆ ಒಂದ್ ದಿನ ಕೇಂಬುದಿಲ್ಲ ನಿಮ್ಗೆ. ಇದ್ ಮಾತ್ರ ಕೇಂತಾ?”

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು. “ಈ ಪ್ರಾಯದಂಗೆ ನಂಗ್ ಮತ್ತ್ ಯಾರ್ ಕೆಲ್ಸ ಕೊಡ್ತ್ರ್?” ಎಂದರು.

ಮೂರು ಸಲ ಬರೆದು ಹರಿದೆ. ಆ ಒಪ್ಪಂದದ ಆರಂಭದಲ್ಲಿ ಹಿಂದಿನ ಮನಸ್ತಾಪಗಳನ್ನೆಲ್ಲ ಮರೆಯೋಣ ಎಂದಿದೆ. ನನ್ನ ಹಾಳೆಯಲ್ಲಿ ಯಾವುದನ್ನೂ ಮರೆಯುವಂತಿರಲಿಲ್ಲ. ಕೊನೆಗೆ ಬರೆದೆ: ಹಾಳೆ ಬಿತ್ತು. ಅವರು ಎತ್ತಿದರು. ಹಣೆಯ ಹತ್ತಿರ ಇದ್ದಾಗ ಚಿಟ್ ಎಂಬ ಸದ್ದು ಕೇಳಿತು. ಬಿದ್ದಾಗಲೇ ಬಿರುಕು ಬಿಟ್ಟಿತ್ತೋ ಏನೋ, ನನಗೆ ಗೊತ್ತಿಲ್ಲ. ಹೊರಡುವ ಮೊದಲು ಪೆಟ್ಟಿಗೆಯ ಪಟ್ಟಿ ಬಿಗಿಯಬೇಕಿದ್ದವನು ನಾನು. ಬಿಗಿದಿರಲಿಲ್ಲ.

ಈ ಕೊನೆಯದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ನನಗೆ ಎಚ್ಚರಿಕೆಯ ಪತ್ರ ಬಂತು. ಅಕ್ಕನ ಕೆಲಸ ಉಳಿಯಿತು, ಆದರೆ ಖಾಲಿ ಪೆಟ್ಟಿಗೆಗಳನ್ನು ಜೋಡಿಸುವ ಕಡೆಗೆ ಹಾಕಿದರು. ಇನ್ನು ಕಾಗದ ಮುಟ್ಟುವಂತಿಲ್ಲ.

ಪತ್ರ ಬಂದ ಸಂಜೆ ಅಕ್ಕ ಬಸ್‌ಸ್ಟಾಪಿನಲ್ಲಿ ಸಿಕ್ಕರು. ನಾನು ಬರೆದದ್ದನ್ನು ಮ್ಯಾನೇಜರ್ ಅವರಿಗೆ ಓದಿ ಹೇಳಿದ್ದರಂತೆ. “ನೀವ್ ಸುಳ್ಳ್ ಬರೀಲಿಲ್ಲ, ಸಮ. ಆದ್ರೆ ಆ ಚಿಟ್ ಒಂದ್ ಬಿಡ್ಲಕ್ಕಿತ್ತ್,” ಎಂದರು.

ಗ್ರೀನ್‌ಫರ್ಡ್ ಬಸ್ಸು ಬಂತು. ಇಬ್ಬರೂ ಹತ್ತಬೇಕಾದದ್ದು ಅದೇ. ಅಕ್ಕ ಮುಂದಿನ ಬಸ್ಸಿಗೆ ಬರುತ್ತೇನೆಂದರು. ನಾನು ಹತ್ತಿದೆ.